ಬೋಲ್ಟ್ ಹೊಸದು, ತೂತು ಹಳೇದು

ನನ್ನ ವಿಮಾನದ ಬಲಗಾಲಿನ ಪೆಡಲ್ ಒತ್ತಿದಾಗ ಒಂದು ಸಣ್ಣ "ಟಕ್" ಕೇಳಿಸುತ್ತಿತ್ತು. ಶೂ ಸದ್ದು ಅಂದುಕೊಂಡೆ. ಹ್ಯಾಂಗರಿನ ಚಳಿಯಲ್ಲಿ ಕೆಲಸ ತಪ್ಪಿಸಿಕೊಳ್ಳೋಕೆ ಅಷ್ಟು ಕಾರಣ ಸಾಕಿತ್ತು.

ನನ್ನದು ಎರಡು ಸೀಟಿನ, ಟೈಲ್‌ವೀಲ್ (ಬಾಲದ ಕೆಳಗೆ ಪುಟ್ಟ ಚಕ್ರ) ಇರುವ ವಿಮಾನ. ಫ್ಯಾಕ್ಟರಿಯಲ್ಲಿ ಆದದ್ದಲ್ಲ, ಯಾರೋ ಒಬ್ಬರು ಕಿಟ್ ತಂದು ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದ್ದು. ನಾನು ಮೂರನೇ ಮಾಲೀಕ. ಇಲ್ಲಿ ಒಹಾಯೊದಲ್ಲಿ, ಡೇಟನ್ ಹತ್ತಿರದ ಒಂದು ಪುಟ್ಟ ಏರ್‌ಪೋರ್ಟಿನಲ್ಲಿ ನಿಲ್ಲಿಸಿದ್ದೇನೆ. ಒಳಗೆ ಹತ್ತುವ ಕಡೆ "ಎಕ್ಸ್‌ಪೆರಿಮೆಂಟಲ್" ಅಂತ ಬರೆದಿರಲೇಬೇಕು, ಅಕ್ಷರ ಕನಿಷ್ಠ 2 ಇಂಚು ಎತ್ತರ, ಅದು ಇಲ್ಲಿನ ಕಾನೂನು. ಅಪ್ಪ ಬಂದಿದ್ದಾಗ ಅದನ್ನು ಓದಿ "ಪ್ರಯೋಗ ಯಾರ ಮೇಲಪ್ಪಾ?" ಅಂದಿದ್ದರು.

ರಡ್ಡರ್ ಅಂದ್ರೆ ಬಾಲದಲ್ಲಿ ನೆಟ್ಟಗೆ ನಿಂತಿರೋ ಹಲಗೆ. ಎರಡು ಪೆಡಲಿನಿಂದ ಎರಡು ಕೇಬಲ್ ಹಿಂದಕ್ಕೆ ಹೋಗಿ ಅದನ್ನು ಆ ಕಡೆ ಈ ಕಡೆ ಎಳೆಯುತ್ತವೆ. ಆಕಾಶದಲ್ಲಿ ಅದರ ಕೆಲಸ ಕಡಿಮೆ. ಇಳಿದು ರನ್‌ವೇ ಮೇಲೆ ಓಡುವಾಗಲೇ ನಿಜವಾದ ಕೆಲಸ. ಟೈಲ್‌ವೀಲ್ ವಿಮಾನದ ಭಾರ ಮುಂದಿನ ಎರಡು ಚಕ್ರಗಳ ಹಿಂದೆ ಇರುತ್ತೆ, ಸ್ವಲ್ಪ ಮೈಮರೆತರೂ ಬಾಲ ಮುಂದೆ ಬರೋಕೆ ನೋಡುತ್ತೆ, ಆಗ ಕಾಲಿನಲ್ಲಿ ಸಣ್ಣ ಸಣ್ಣದಾಗಿ ತುಳಿದು ಹಿಡಿಯಬೇಕು. ಆ ಸಣ್ಣ ತುಳಿತವನ್ನೇ ಪೆಡಲಿನ ಪ್ಲೇ, ಅಂದ್ರೆ ಸಡಿಲ ಅಲ್ಲಾಟ, ನುಂಗಿಹಾಕಿದರೆ ಕಷ್ಟ, ಅಲ್ವಾ?

ಒಂದು ಶನಿವಾರ ಸೀಟು ತೆಗೆದು, ತಲೆಕೆಳಗಾಗಿ ಮಲಗಿ, ಕಾಲು ಸೀಟಿನ ಹಿಂದಕ್ಕೆ ಚಾಚಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನೋಡಿದೆ. ಪೆಡಲಿಗೆ ವೆಲ್ಡ್ ಮಾಡಿದ ಒಂದು ಉಕ್ಕಿನ ಪಟ್ಟಿ ಇದೆ. ಅದರ ತೂತಿನಲ್ಲಿ ಒಂದು ಬೋಲ್ಟ್, ಆ ಬೋಲ್ಟಿಗೆ ಕೇಬಲ್. ಕೈಯಲ್ಲಿ ಅಲ್ಲಾಡಿಸಿದರೆ ಟಕ್, ಟಕ್.

ಬೋಲ್ಟ್ ಬಿಚ್ಚಿದೆ. ಅದು ಎಎನ್3, ಅಂದ್ರೆ 3/16 ಇಂಚಿನದು, 4.76 ಮಿ.ಮೀ. ತಪ್ಪು ಎರಡು ಕಡೆ ಆಗಿತ್ತು. ಒಂದು, ಬೋಲ್ಟ್ ಗಿಡ್ಡ. ನುಣ್ಣಗಿನ ಭಾಗ ಪಟ್ಟಿಯ ಒಳಗೆ ಕೂರಬೇಕಾಗಿತ್ತು. ಇಲ್ಲಿ ಥ್ರೆಡ್ಡೇ ಒಳಗೆ ಕೂತಿತ್ತು. ಪ್ರತಿ ಸಲ ಪೆಡಲ್ ಒತ್ತಿದಾಗ ಆ ಥ್ರೆಡ್ ಅರದ ಹಾಗೆ ತೂತನ್ನು ಉಜ್ಜಿದೆ. ಎರಡು, ನಂಬರಿನ ಕೊನೆಯಲ್ಲಿ "ಎ" ಇತ್ತು. "ಎ" ಇದ್ದರೆ ಸ್ಪ್ಲಿಟ್ ಪಿನ್ನಿಗೆ (ನಟ್ ಬಿಚ್ಚದ ಹಾಗೆ ಅಡ್ಡ ತೂರಿಸಿ ಮಡಚೋ ಪಿನ್) ತೂತು ಇಲ್ಲದ ಬೋಲ್ಟ್ ಅಂತ. ಅದಕ್ಕೆ ನೈಲಾನ್ ಲಾಕ್ ನಟ್ ಹಾಕಿದ್ದರು. ತಿರುಗಾಡುವ ಜಾಗದಲ್ಲಿ ಆ ನಟ್ ಹಾಕಬಾರದು, ಪಿನ್ ತೂರಿಸೋಕೆ ತಲೆಯಲ್ಲಿ ಕಚ್ಚುಗಳಿರೋ ಕ್ಯಾಸಲ್ ನಟ್ ಮತ್ತು ಸ್ಪ್ಲಿಟ್ ಪಿನ್ ಬೇಕು. (ನಮ್ಮ ಸ್ಪ್ಲಿಟ್ ಪಿನ್ನಿಗೆ ಇಲ್ಲಿ ಕಾಟರ್ ಪಿನ್ ಅಂತಾರೆ. ನನಗೆ ಕಾಟರ್ ಪಿನ್ ಅಂದ್ರೆ ಈಗಲೂ ಅಪ್ಪನ ಸೈಕಲ್ಲಿನ ಕ್ರ್ಯಾಂಕಿಗೆ ಸುತ್ತಿಗೆಯಲ್ಲಿ ಹೊಡೆದು ಕೂರಿಸ್ತಿದ್ದ ಆ ದಪ್ಪ ಪಿನ್ನೇ. ರೈಟ್ ಸಹೋದರರೂ ಇದೇ ಡೇಟನ್‌ನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಅವರ 1903ರ ವಿಮಾನಕ್ಕೆ ರಡ್ಡರ್ ಪೆಡಲ್ಲೇ ಇರಲಿಲ್ಲ, ಸೊಂಟ ಅಲ್ಲಾಡಿಸಿ ರಡ್ಡರ್ ತಿರುಗಿಸ್ತಿದ್ದರು.)

ಹೊಸ ಬೋಲ್ಟ್ ತರಿಸಿ ಹಾಕಿಬಿಡೋಣ ಅಂದುಕೊಂಡಿದ್ದೆ. ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಮಾಡದೇ ಇದ್ದಿದ್ದರೆ ಹಾಗೇ ಮಾಡಿರುತ್ತಿದ್ದೆ. ಪೀಣ್ಯದಲ್ಲಿ ಮೂವತ್ತು ವರ್ಷದಿಂದ ಲೇತ್ ಅಂಗಡಿ ಇಟ್ಟಿದ್ದಾರೆ, ವಿಮಾನ ಮುಟ್ಟಿದವರಲ್ಲ.

"ಲೋ, ಬೋಲ್ಟ್ ಆಮೇಲೆ. ತೂತು ತೋರಿಸು."

ತೋರಿಸಿದೆ.

"ಮೊಟ್ಟೆ ಆಗಿದೆಯಲ್ಲೋ! ಇದಕ್ಕೆ ಚಿನ್ನದ ಬೋಲ್ಟ್ ಹಾಕಿದ್ರೂ ಅಲ್ಲಾಡುತ್ತೆ. ಬುಷ್ ಹಾಕು."

ಬುಷ್ ಅಂದ್ರೆ ತೂತಿನೊಳಗೆ ಕೂರಿಸೋ ಸಣ್ಣ ಲೋಹದ ಕೊಳವೆ. ಅಳೆದು ನೋಡಿದೆ. ಎಡಗಡೆ ತೂತು ಉದ್ದಕ್ಕೆ 5.4 ಮಿ.ಮೀ., ಬಲಗಡೆ 6.2. ಬಲಗಡೆ ಜಾಸ್ತಿ ಯಾಕೆ ಅಂದ್ರೆ, ಇಲ್ಲಿನ ಎಂಜಿನ್ ಸೀಟಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತೆ, ಮೇಲೇರುವಾಗ ಮೂತಿ ಎಡಕ್ಕೆ ಎಳೆಯುತ್ತೆ, ಅದನ್ನು ತಡೆಯೋಕೆ ಬಲಗಾಲು ಒತ್ತಿಕೊಂಡೇ ಇರಬೇಕು.

ಪೆಡಲ್ ಜೋಡಣೆ ಪೂರ್ತಿ ಹೊರಗೆ ತೆಗೆದೆ. ಎಡಗಡೆಯದು ಸುಲಭವಾಗಿ ಆಯ್ತು. ಸವೆಯದ ಕಡೆಯ ಅಂಚು ನೋಡಿಕೊಂಡು ತೂತಿನ ಹಳೆಯ ನಡುಮಧ್ಯ ಗುರುತು ಮಾಡಿ, ಪಟ್ಟಿಯನ್ನು ಬಿಗಿಯಾಗಿ ಕಚ್ಚಿಸಿ, ರೀಮರ್ ಹಾಕಿ 1/4 ಇಂಚಿಗೆ ದೊಡ್ಡದು ಮಾಡಿದೆ. ಸುಮ್ನೆ ಕೈ ಡ್ರಿಲ್ ಹಾಕಿದ್ರೆ ಬಿಟ್ ಆ ಮೊಟ್ಟೆಯ ದಾರಿಯಲ್ಲೇ ಹೋಗುತ್ತೆ. ಪಕ್ಕದ ಹ್ಯಾಂಗರಿನವರ ಪುಟ್ಟ ಲೇತಿನಲ್ಲಿ ಕಂಚಿನ ಬುಷ್ ಮಾಡಿ, ಒತ್ತಿ ಕೂರಿಸಿದೆ. ಇನ್ನು ಮುಂದೆ ಸವೆದರೆ ಮೊದಲು ಬುಷ್ ಸವೆಯುತ್ತೆ, ಉಕ್ಕಿನ ಪಟ್ಟಿ ಅಲ್ಲ.

ಬಲಗಡೆ ಆ ಆಟ ನಡೀಲಿಲ್ಲ. 1/4 ಇಂಚಿಗೆ ದೊಡ್ಡದು ಮಾಡಿದರೂ ಸವೆದ ಜಾಗ ಪೂರ್ತಿ ಹೋಗ್ತಿರಲಿಲ್ಲ. ಅದಕ್ಕಿಂತ ದೊಡ್ಡದು ಮಾಡಿದ್ರೆ ತೂತಿನಿಂದ ಅಂಚಿಗೆ ಸಾಕಷ್ಟು ಲೋಹ ಉಳಿಯಲ್ಲ, ಒಂದು ದಿನ ಜೋರಾಗಿ ಒತ್ತಿದಾಗ ಕೇಬಲ್ ಪಟ್ಟಿಯನ್ನು ಹರಿದುಕೊಂಡು ಹೋದ್ರೆ? ಹಾಗಾಗಿ ಹಳೇ ಪಟ್ಟಿ ಕತ್ತರಿಸಿ, ಅದೇ 4130 ಅನ್ನೋ ಗಟ್ಟಿ ಮಿಶ್ರ ಉಕ್ಕಿನ ಹೊಸ ಪಟ್ಟಿ ಮಾಡಿ, ಕೈ ಪಳಗಿದ ವೆಲ್ಡರ್ ಹತ್ತಿರ ಟಿಗ್ ವೆಲ್ಡಿಂಗ್ ಮಾಡಿಸಿದೆ. "ನೀರಿಗೆ ಅದ್ದಬೇಡ, ತಾನಾಗೇ ಆರಲಿ ಅಂತ ಹೇಳು" ಅಂತ ಚಿಕ್ಕಪ್ಪ ಎರಡು ಸಲ ಮೆಸೇಜ್ ಮಾಡಿದ್ದರು. ವೆಲ್ಡರ್ ನಕ್ಕುಬಿಟ್ಟ, ಅವನಿಗೆ ಗೊತ್ತಿರದ ವಿಷಯವೇನಲ್ಲ. 4130 ಬಿಸಿ ಇದ್ದಾಗ ನೀರು ಬಿದ್ದರೆ ಗಡುಸಾಗಿ ಬಿರುಕು ಬಿಡುತ್ತೆ.

ಇದನ್ನೆಲ್ಲ ನಾನೇ ಮಾಡಬಹುದಾ ಅಂತ ಕೆಲವರು ಕೇಳ್ತಾರೆ. ಅಮೆರಿಕದಲ್ಲಿ ಇಂಥ ಮನೆಕಟ್ಟಿನ ವಿಮಾನದ ರಿಪೇರಿ ಯಾರು ಬೇಕಾದರೂ ಮಾಡಬಹುದು. ಆದರೆ 12 ತಿಂಗಳಿಗೊಮ್ಮೆ ಪೂರ್ತಿ ತಪಾಸಣೆ ಆಗಬೇಕು. ಕಟ್ಟಿದವರಿಗೆ ಅದಕ್ಕೆ ಸರ್ಟಿಫಿಕೇಟ್ ಸಿಗುತ್ತೆ, ಆದರೆ ಅದು ವಿಮಾನದ ಜೊತೆ ನನಗೆ ಬರಲ್ಲ. ನಾನು ಲೈಸೆನ್ಸ್ ಇರುವ ಮೆಕ್ಯಾನಿಕ್ ಹತ್ತಿರ ಮಾಡಿಸುತ್ತೇನೆ, ಈ ಕೆಲಸವನ್ನೂ ಅವರಿಗೆ ತೋರಿಸಿ ಲಾಗ್‌ಬುಕ್ಕಿನಲ್ಲಿ ಬರೆದೆ. ಸ್ಟಿಯರಿಂಗಿಗೆ ಸಂಬಂಧಪಟ್ಟದ್ದನ್ನು ಇನ್ನೊಂದು ಜೊತೆ ಕಣ್ಣು ನೋಡದೆ ನಾನಂತೂ ಹಾರಿಸಲ್ಲ.

ಜೋಡಿಸುವಾಗ ಸ್ಪ್ಲಿಟ್ ಪಿನ್ ಕೈ ಜಾರಿ ವಿಮಾನದ ಹೊಟ್ಟೆಯೊಳಗೆ ಬಿತ್ತು. ಕೇಬಲ್ ಓಡಾಡುವ ಜಾಗ, ಹಾಗೇ ಬಿಡೋ ಹಾಗಿಲ್ಲ. ಅಯಸ್ಕಾಂತ ಇಳಿಬಿಟ್ಟು ಅರ್ಧ ಗಂಟೆ ತಡಕಾಡಿದ ಮೇಲೆ ನೆನಪಾಯ್ತು, ಅದು ಸ್ಟೇನ್‌ಲೆಸ್ ಪಿನ್, ಅಂಟಲ್ಲ. ಕೊನೆಗೆ ಕಡ್ಡಿ ತುದಿಗೆ ಚೂಯಿಂಗ್ ಗಮ್ ಮೆತ್ತಿ ಎತ್ತಿದೆ.

ಕ್ಯಾಸಲ್ ನಟ್ ಬಿಗಿ ಮಾಡಲಿಲ್ಲ, ಬೋಲ್ಟ್ ಬುಷ್ಷಿನಲ್ಲಿ ಸಲೀಸಾಗಿ ತಿರುಗೋ ಅಷ್ಟಕ್ಕೆ ನಿಲ್ಲಿಸಿ ಪಿನ್ ಮಡಚಿದೆ. ಎರಡೂ ಕಡೆ ಪೂರ್ತಿ ಒತ್ತಿ ರಡ್ಡರ್ ಕೊನೆತನಕ ಹೋಗುತ್ತಾ, ಬ್ರೇಕ್ ಎಲ್ಲಾದರೂ ಹಿಡಿಯುತ್ತಾ ಅಂತ ನೋಡಿ, ಮೊದಲ ದಿನ ಬರೀ ನೆಲದ ಮೇಲೆ ಓಡಿಸಿದೆ. ಟಕ್ ಇಲ್ಲ.

ಚಿಕ್ಕಪ್ಪನಿಗೆ ಫೋಟೋ ಕಳಿಸಿದೆ. "ಹಳೇ ಬೋಲ್ಟ್ ಎಸೀಬೇಡ, ಡಿಸೆಂಬರಿಗೆ ಬರುವಾಗ ತಗೊಂಡು ಬಾ, ಅಂಗಡಿ ಹುಡುಗರಿಗೆ ತೋರಿಸಬೇಕು" ಅಂದರು. ಸೂಟ್‌ಕೇಸಿನ ಜೇಬಿನಲ್ಲಿ ಹಾಕಿಟ್ಟಿದ್ದೇನೆ.