ಟ್ಯೂರಿನ್‌ನಲ್ಲಿ ಒಬ್ಬ ಹುಡುಗನ ಹೆಸರು ಕೇಳಿದ ಕೋಣೆ

ಇಟಲಿಯ ಟ್ಯೂರಿನ್ ನಗರಕ್ಕೆ ಬರುವವರು ಸಾಮಾನ್ಯವಾಗಿ ಮೊದಲು ಅರಮನೆಯನ್ನೂ ಅದರ ಪಕ್ಕದಲ್ಲೇ ಇರುವ ಪ್ರಧಾನಾಲಯವನ್ನೂ ನೋಡಲು ಹೋಗುತ್ತಾರೆ. ನಾನು ಬೆಳಗಿನ ಪೂಜೆಯ ಹೊತ್ತಿಗೆ ತಲುಪಿದ್ದು ಹಳೆಯ ನಗರದ ಒಂದು ಬೀದಿಯಲ್ಲಿ ಮನೆಗಳ ಸಾಲಿನ ನಡುವೆ ನಿಂತಿರುವ, ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯಕ್ಕೆ. ನನಗೆ ನೋಡಬೇಕಾಗಿದ್ದದ್ದು ಅದರ ಪೀಠವೂ ಅಲ್ಲ, ಚಿತ್ರಗಳೂ ಅಲ್ಲ; ಗುರುಗಳು ಪೂಜಾವಸ್ತ್ರ ತೊಡುವ ಪಕ್ಕದ ಕೋಣೆಯೊಂದೇ.

1841ರ ಡಿಸೆಂಬರ್ 8, ಅಮಲೋದ್ಭವ ಮಾತೆ ಮರಿಯಮ್ಮನವರ ಹಬ್ಬ. ಆ ವರ್ಷದ ಜೂನ್‌ನಲ್ಲಿ ಗುರುದೀಕ್ಷೆ ಪಡೆದಿದ್ದ, ಮುಂದೆ ಸಂತ ಡಾನ್ ಬೋಸ್ಕೊ ಎಂದು ಹೆಸರಾದ 26 ವರ್ಷದ ಜಾನ್ ಬೋಸ್ಕೊ ಈ ಕೋಣೆಯಲ್ಲಿ ಪೂಜೆಗೆ ಸಿದ್ಧರಾಗುತ್ತಿದ್ದರು. ಮೂಲೆಯಲ್ಲಿ ನಿಂತಿದ್ದ ಹುಡುಗನೊಬ್ಬನನ್ನು ದೇವಾಲಯದ ಸೇವಕ ಪೂಜೆಯಲ್ಲಿ ನೆರವಾಗಲು ಕರೆದ. ಹುಡುಗ ತನಗೆ ಅದು ಬರುವುದಿಲ್ಲವೆಂದ. ಬಾರದಿದ್ದರೆ ಇಲ್ಲೇಕೆ ಬಂದೆ ಎಂದು ಸೇವಕ ಧೂಳು ಹೊಡೆಯುವ ಕೋಲಿನಿಂದಲೇ ಅವನನ್ನು ಬಡಿದು ಓಡಿಸಿದ. ಬೋಸ್ಕೊ ಸೇವಕನನ್ನು ತಡೆದು, ಆ ಹುಡುಗ ತನ್ನ ಗೆಳೆಯನೆಂದೂ ಕೂಡಲೇ ಕರೆದು ತರಬೇಕೆಂದೂ ಹೇಳಿದರು. ಅದುವರೆಗೆ ಅವರು ಆ ಹುಡುಗನ ಮುಖವನ್ನೇ ಕಂಡಿರಲಿಲ್ಲ.

ಪೂಜೆಯ ನಂತರ ನಡೆದ ಮಾತುಕತೆಯನ್ನು ಬೋಸ್ಕೊ ತಮ್ಮ ನೆನಪಿನ ಬರಹಗಳಲ್ಲಿ ದಾಖಲಿಸಿದ್ದಾರೆ. ನಿನ್ನ ಹೆಸರೇನು? ಬಾರ್ತೊಲೊಮೆಯೊ ಗರೆಲ್ಲಿ. ಊರು? ಆಸ್ತಿ. ತಂದೆ ಇದ್ದಾರೆಯೇ? ತೀರಿಕೊಂಡರು. ತಾಯಿ? ಅವರೂ ತೀರಿಕೊಂಡರು. ವಯಸ್ಸು? ಹದಿನಾರು. ಓದು ಬರಹ ಬರುತ್ತದೆಯೇ? ಏನೂ ಬರುವುದಿಲ್ಲ. ಶಿಳ್ಳೆ ಹಾಕಲು ಬರುತ್ತದೆಯೇ ಎಂದು ಬೋಸ್ಕೊ ಕೇಳಿದಾಗ ಹುಡುಗ ಮೊದಲ ಬಾರಿಗೆ ನಕ್ಕನೆಂದು ನಂತರದ ಜೀವನಚರಿತ್ರೆಕಾರರು ಸೇರಿಸುತ್ತಾರೆ. ಈ ಪ್ರಶ್ನೆ ಅಂದು ನಿಜವಾಗಿ ಕೇಳಿದ್ದೋ ಶಿಷ್ಯರ ಪ್ರೀತಿ ಕಟ್ಟಿದ್ದೋ ಎಂದು ವಾದಿಸುವ ಮನಸ್ಸು ನನಗಿಲ್ಲ. ಬರುವುದಿಲ್ಲ, ಬರುವುದಿಲ್ಲ ಎಂದೇ ಉತ್ತರಿಸಬೇಕಾಗಿ ಬಂದ ಮಗುವಿಗೆ ಬರುವಂಥದ್ದು ಏನಾದರೂ ಇದ್ದೇ ಇರುತ್ತದೆ ಎಂದು ನಂಬಿ ಹುಡುಕಿದ ಮನಸ್ಸು ಅದರಲ್ಲಿದೆ. ಆಮೇಲೆ ಇಬ್ಬರೂ ಕೂಡಿ ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಿದರು. ಗರೆಲ್ಲಿ ಮತ್ತೆ ಬಂದ, ಗೆಳೆಯರನ್ನೂ ಕರೆತಂದ. ಮುಂದಿನ ವಸಂತದ ಹೊತ್ತಿಗೆ ಸುಮಾರು ಮೂವತ್ತು ಹುಡುಗರು ಸೇರಿದ್ದರು.

ನಾನು ಆ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತೆ. ಅದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾವು ಮೂರು ದಿನಗಳ ಯುವಜನ ಶಿಬಿರವೊಂದನ್ನು ನಡೆಸಿದ್ದೆವು. ಉಪನ್ಯಾಸಗಳು ಚೆನ್ನಾಗಿದ್ದವು, ಹಾಡುಗಳು ಚೆನ್ನಾಗಿದ್ದವು, ಇನ್ನೂರು ಮಂದಿ ಬಂದಿದ್ದರು. ಕೊನೆಯ ಸಾಲಿನ ತುದಿಯಲ್ಲಿ ಮೂರು ದಿನವೂ ಒಬ್ಬನೇ ಕುಳಿತಿದ್ದ ಹುಡುಗನನ್ನು ನಾನು ದಿನವೂ ಕಂಡಿದ್ದೆ, ಬಿಡುವಾದಾಗ ಮಾತನಾಡಿಸಿದರಾಯಿತು ಎಂದುಕೊಂಡಿದ್ದೆ. ಬಿಡುವಾಗಲಿಲ್ಲ. ಆರು ತಿಂಗಳ ಮೇಲೆ ಅವನು ಓದು ಬಿಟ್ಟು, ಮನೆ ಬಿಟ್ಟು, ಕುಡಿತಕ್ಕೆ ಬಿದ್ದು ಆಸ್ಪತ್ರೆ ಸೇರಿದ್ದಾನೆಂದು ಅವನ ತಾಯಿ ನಮ್ಮಲ್ಲಿಗೆ ಬಂದು ಅತ್ತಾಗ, ಆ ತಾಯಿಯ ಬಾಯಿಂದ ನಾನು ಅವನ ಹೆಸರನ್ನು ಮೊದಲ ಬಾರಿಗೆ ಕೇಳಿದೆ. ಈಗ ಪ್ರತಿ ಭಾನುವಾರ ಅವನ ಬಳಿ ಹೋಗಿ ಕೂರುತ್ತೇನೆ. ಮೊದಲಿನ ನಾಲ್ಕು ಭಾನುವಾರ ಅವನು ನನ್ನೊಡನೆ ಮಾತನಾಡಲಿಲ್ಲ. ಐದನೆಯ ಭಾನುವಾರ ನಾನು ಹೊರಟು ನಿಂತಾಗ, ಮುಂದಿನ ವಾರ ಬರುತ್ತೀರಾ ಎಂದು ಕೇಳಿದ.

ದೇವಾಲಯದಿಂದ ಗರಿಬಾಲ್ಡಿ ಬೀದಿಯನ್ನು ದಾಟಿ ಉತ್ತರ ದಿಕ್ಕಿಗೆ ನಡೆದರೆ, ಬೋಸ್ಕೊ ಮುಂದೆ ತಮ್ಮ ಹುಡುಗರೊಡನೆ ನೆಲೆಯೂರಿದ ವಾಲ್ದೊಕ್ಕೊ ಎಂಬ ಪ್ರದೇಶ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆ ದಶಕಗಳಲ್ಲಿ ಟ್ಯೂರಿನ್ ಬೆಳೆಯುತ್ತಿತ್ತು, ಕಟ್ಟಡಗಳು ಏಳುತ್ತಿದ್ದವು, ಬೆಟ್ಟದ ಹಳ್ಳಿಗಳಿಂದ ಗಾರೆ ಕೆಲಸಕ್ಕೆ, ಹೊಗೆಗೂಡು ಗುಡಿಸುವ ಕೆಲಸಕ್ಕೆ ಚಿಕ್ಕ ಹುಡುಗರು ತಂಡತಂಡವಾಗಿ ಬರುತ್ತಿದ್ದರು. ಕೆಲಸ ಸಿಗದವರಲ್ಲಿ ಹಲವರು ಸೆರೆಮನೆ ಸೇರುತ್ತಿದ್ದರು. ಬೋಸ್ಕೊ ಅವರ ಮಾರ್ಗದರ್ಶಕರಾಗಿದ್ದ ಜೋಸೆಫ್ ಕಫಾಸ್ಸೊ ಅವರು ಹೊಸ ಗುರುವನ್ನು ಆ ಸೆರೆಮನೆಗಳಿಗೆ ಕರೆದೊಯ್ದರು. ಒಳ್ಳೆಯ ಬಾಳು ಬಾಳುವ ನಿರ್ಧಾರ ಮಾಡಿ ಹೊರಬಂದವರೂ ಕೆಲವೇ ದಿನಗಳಲ್ಲಿ ಮರಳಿ ಒಳಗೆ ಬರುವುದನ್ನು ಬೋಸ್ಕೊ ಅಲ್ಲಿ ಕಂಡರು. ಹೊರಗೆ ಅವರಿಗಾಗಿ ಕಾಯುವ ಒಬ್ಬ ಸ್ನೇಹಿತನಿದ್ದಿದ್ದರೆ ಹೀಗಾಗುತ್ತಿತ್ತೇ ಎಂಬ ಅವರ ಪ್ರಶ್ನೆಯಿಂದಲೇ ಮುಂದಿನದ್ದೆಲ್ಲ ಹುಟ್ಟಿತು ಎಂದು ನನಗನಿಸುತ್ತದೆ.

ವಾಲ್ದೊಕ್ಕೊ ತಲುಪುವ ಮುನ್ನ ದೊಡ್ಡ ರಸ್ತೆಗಳು ಕೂಡುವ ವೃತ್ತವೊಂದಿದೆ. ಒಂದು ಕಾಲದಲ್ಲಿ ಅಪರಾಧಿಗಳನ್ನು ಬಹಿರಂಗವಾಗಿ ಗಲ್ಲಿಗೇರಿಸುತ್ತಿದ್ದ ಸ್ಥಳ ಅದು. ಐವತ್ತಕ್ಕೂ ಹೆಚ್ಚು ಮಂದಿಯ ಜೊತೆ ಗಲ್ಲಿನವರೆಗೂ ನಡೆದ ಕಫಾಸ್ಸೊ ಅವರ ಪ್ರತಿಮೆ ಅಲ್ಲಿ ನಿಂತಿದೆ. ಸಾವಿಗೆ ಹೋಗುತ್ತಿರುವ ಒಬ್ಬನೂ ಅವರ ಬಳಿಯಲ್ಲಿದ್ದಾನೆ. ಸುತ್ತ ವಾಹನಗಳ ಸದ್ದು. ನಾನು ಒಂದು ಪ್ರಾರ್ಥನೆ ಹೇಳಿ ಮುಂದೆ ನಡೆದೆ.

ಹುಡುಗರ ಗುಂಪು ದೊಡ್ಡದಾದಂತೆ ಗದ್ದಲವೂ ದೊಡ್ಡದಾಯಿತು. ಅವರನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಕಳುಹಿಸಲಾಯಿತು. ಕೊನೆಗೆ 1846ರ ಏಪ್ರಿಲ್ 12ರಂದು, ಪುನರುತ್ಥಾನದ ಹಬ್ಬದ ದಿನ, ಪಿನಾರ್ದಿ ಎಂಬವರ ಮನೆಗೆ ಒತ್ತಿಕೊಂಡಿದ್ದ ತಗ್ಗು ಸೂರಿನ ಕೊಟ್ಟಿಗೆಯೊಂದು ಬಾಡಿಗೆಗೆ ಸಿಕ್ಕಿ ಅವರ ದೇವಾಲಯವಾಯಿತು. ಈಗಿರುವ ಚಿಕ್ಕ ಪ್ರಾರ್ಥನಾಲಯ ಅದೇ ಜಾಗದಲ್ಲಿದ್ದರೂ ಹಳೆಯ ಗೋಡೆಗಳು ಉಳಿದಿಲ್ಲ. ಆ ಜುಲೈನಲ್ಲಿ ದುಡಿತದಿಂದ ಬಸವಳಿದು ಬೋಸ್ಕೊ ಸಾವಿನ ಅಂಚಿಗೆ ಹೋದರು. ದಿನವಿಡೀ ಕಲ್ಲು ಹೊತ್ತ ಹುಡುಗರು ಉಪವಾಸವಿದ್ದು ಅವರಿಗಾಗಿ ಪ್ರಾರ್ಥಿಸಿದರು. ಚೇತರಿಸಿಕೊಂಡ ಮೇಲೆ, ತಮ್ಮ ಉಳಿದ ಬಾಳು ಅವರದೇ ಎಂದು ಬೋಸ್ಕೊ ಹುಡುಗರಿಗೆ ಮಾತು ಕೊಟ್ಟರು.

ಅದೇ ನವೆಂಬರ್‌ನಲ್ಲಿ ಅವರ ತಾಯಿ ಮಾರ್ಗರಿಟಾ ಹಳ್ಳಿಯ ಮನೆ ಬಿಟ್ಟು ಇಲ್ಲಿಗೆ ಬಂದರು. ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಕಟ್ಟಡದ ತಳದ ಕೋಣೆಗಳಲ್ಲಿ ನಡೆದಾಡುವಾಗ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಆ ತಾಯಿಯೇ ನೆನಪಾದರು. ಮಲಗಲು ಜಾಗವಿಲ್ಲದ ಕೆಲವರಿಗೆ ಮೊದಲು ಅಟ್ಟದ ಹುಲ್ಲಿನ ಮೇಲೆ ಹಾಸಿಗೆ ಕೊಟ್ಟಾಗ, ಅವರು ಬೆಳಗಾಗುವುದರೊಳಗೆ ಹೊದಿಕೆಗಳನ್ನು ಹೊತ್ತು ಪರಾರಿಯಾಗಿದ್ದರು. ಹೀಗಿರುವಾಗ 1847ರ ಮೇ ತಿಂಗಳ ಒಂದು ಮಳೆಯ ರಾತ್ರಿ, ವಾಲ್ಸೆಸಿಯಾ ಕಣಿವೆಯಿಂದ ಗಾರೆ ಕೆಲಸ ಹುಡುಕಿ ಬಂದಿದ್ದ ಹದಿನೈದು ವರ್ಷದ ಅನಾಥ ಹುಡುಗ ತೊಯ್ದು ತೊಪ್ಪೆಯಾಗಿ ಬಾಗಿಲು ಬಡಿದ. ತಾಯಿ ಅವನನ್ನು ಒಲೆಯ ಮುಂದೆ ಕೂರಿಸಿ ಊಟ ಕೊಟ್ಟರು. ಆಮೇಲೆ ಹುಡುಗನೇ ಹೊರಗಿನಿಂದ ಇಟ್ಟಿಗೆ ತಂದ. ಅಡುಗೆಮನೆಯಲ್ಲಿ ನಾಲ್ಕು ಪುಟ್ಟ ಕಂಬ ಕಟ್ಟಿ, ಹಲಗೆ ಹಾಸಿ, ಅದರ ಮೇಲೆ ಹಾಸಿಗೆ ಹರಡಿದರು. ಮಲಗುವ ಮುನ್ನ ತಾಯಿ ದುಡಿಮೆಯ ಬಗ್ಗೆ, ನಂಬಿಕೆಯ ಬಗ್ಗೆ, ದೇವರ ಬಗ್ಗೆ ಅವನಿಗೆ ನಾಲ್ಕು ಮಾತು ಹೇಳಿದರು. ಬೋಸ್ಕೊ ಮುಂದೆ ಸ್ಥಾಪಿಸಿದ ಸಲೇಸಿಯನ್ ಸಭೆಯ ಮನೆಗಳಲ್ಲಿ ಇಂದಿಗೂ ದಿನದ ಕೊನೆಗೆ ಹೇಳುವ ಶುಭರಾತ್ರಿಯ ಮಾತಿಗೆ ಇದೇ ಮೂಲವೆನ್ನುತ್ತಾರೆ. ಅಂದು ರಾತ್ರಿ ಪಾತ್ರೆಗಳು ಹೋಗದಿರಲೆಂದು ಅಡುಗೆಮನೆಗೆ ಬೀಗವನ್ನೂ ಹಾಕಿದ್ದರೆಂದು ಬೋಸ್ಕೊ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಈ ವಿವರವನ್ನು ಅವರು ಬಿಟ್ಟಿಲ್ಲವೆಂಬುದು ನನಗೆ ಬಹಳ ಹಿಡಿಸಿತು. ಕಷ್ಟದಲ್ಲಿರುವ ಮಕ್ಕಳೊಡನೆ ಇದ್ದವರಿಗೆ ಗೊತ್ತು, ಎಷ್ಟೋ ದಿನ ಅಂಜಿಕೆಯೂ ಅಕ್ಕರೆಯೂ ಒಂದೇ ಕೋಣೆಯಲ್ಲಿ ಇರುತ್ತವೆ.

ಊಟ, ಹಾಸಿಗೆಗಳಲ್ಲಿ ಈ ಅಕ್ಕರೆ ನಿಲ್ಲಲಿಲ್ಲ. 1852ರ ಫೆಬ್ರವರಿಯಲ್ಲಿ ಮುದ್ರಾಂಕದ ಕಾಗದದ ಮೇಲೆ ಬರೆಸಿದ ಒಂದು ಒಪ್ಪಂದದಲ್ಲಿ, ಬಡಗಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿದ ಹುಡುಗನನ್ನು ತಪ್ಪು ಮಾಡಿದಾಗ ಮಾತಿನಿಂದ ಮಾತ್ರ ತಿದ್ದಬೇಕು, ಹೊಡೆಯಬಾರದು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು ಎಂಬ ಷರತ್ತುಗಳಿವೆ. ಯಜಮಾನನ ಜೊತೆ ಬೋಸ್ಕೊ ಕೂಡ ಸಹಿ ಹಾಕಿದ್ದಾರೆ. ವಾರದ ದಿನಗಳಲ್ಲಿ ಕೆಲಸದ ಸ್ಥಳಗಳಿಗೇ ಹೋಗಿ ಹುಡುಗರನ್ನು ಕಂಡುಬರುವುದು ಅವರ ರೂಢಿಯಾಗಿತ್ತು. ಶುಭಸಂದೇಶವನ್ನು ಕೇಳುವ ಮೊದಲೇ ಆ ಹುಡುಗರು ಅದನ್ನು ಗಾರೆ ಮೆತ್ತಿದ ಸಾರುವೆಯ ಕೆಳಗೆ ನಿಂತು ತಮ್ಮ ಹೆಸರು ಕೂಗುತ್ತಿದ್ದ ಗುರುಗಳ ದನಿಯಲ್ಲಿ ಕೇಳಿಸಿಕೊಂಡಿರಬೇಕು.

ಮಹಡಿಯ ಮೇಲೆ ಅವರು 1888ರ ಜನವರಿ 31ರಂದು ಕಣ್ಣು ಮುಚ್ಚಿದ ಕೋಣೆಯಿದೆ. ಅದಕ್ಕೆ ನಾಲ್ಕು ವರ್ಷ ಮೊದಲು, 1884ರ ಮೇ 10ರಂದು, ರೋಮ್‌ನಿಂದ ಅವರು ಈ ಮನೆಯವರಿಗೆ ಒಂದು ಪತ್ರ ಬರೆದಿದ್ದರು. ಕೆಲಸ ಬೆಳೆದಿತ್ತು, ಮಕ್ಕಳು ಹೆಚ್ಚಿದ್ದರು, ಆದರೆ ಹಿರಿಯರು ಅಂಗಳದಲ್ಲಿ ಮಕ್ಕಳ ನಡುವೆ ಇರುವುದನ್ನು ಬಿಟ್ಟು ದೂರದಿಂದ ಕಾವಲು ಕಾಯತೊಡಗಿದ್ದರು. ಮಕ್ಕಳನ್ನು ಪ್ರೀತಿಸಿದರಷ್ಟೇ ಸಾಲದು, ತಾವು ಪ್ರೀತಿಗೆ ಪಾತ್ರರೆಂದು ಆ ಮಕ್ಕಳಿಗೇ ತಿಳಿಯಬೇಕು ಎಂಬುದು ಆ ಪತ್ರದ ತಿರುಳು. ಇನ್ನೂರು ಮಂದಿಯ ಶಿಬಿರ ನಡೆಸಿದ ನನಗೆ ಅದು ನೇರವಾಗಿ ಬರೆದ ಪತ್ರದಂತಿತ್ತು. ನಾನು ಆ ಹುಡುಗನನ್ನು ಪ್ರೀತಿಸಿರಲಿಲ್ಲವೆಂದಲ್ಲ, ಅವನಿಗೆ ಅದು ಗೊತ್ತಾಗುವ ದಾರಿಯನ್ನೇ ಇಟ್ಟಿರಲಿಲ್ಲ.

ಸಂಜೆ ಅಂಗಳದಲ್ಲಿ ಚೆಂಡಾಟ ನಡೆದಿತ್ತು. ಸುತ್ತಲಿನ ಕೇರಿಗಳಲ್ಲಿ ಈಗ ಹಲವು ದೇಶಗಳಿಂದ ಬಂದ ಕುಟುಂಬಗಳು ನೆಲೆಸಿವೆ. ಆಡುತ್ತಿದ್ದ ಮಕ್ಕಳು ಕೂಗಾಡುತ್ತಿದ್ದ ಭಾಷೆಗಳೂ ಹಲವು. ಅಂಗಳ ನೋಡಿಕೊಳ್ಳುವ ಹಿರಿಯ ಸಹೋದರರೊಬ್ಬರು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು, ನಾನು ಕಾಗದದಲ್ಲಿ ಬರೆದು ತಂದಿದ್ದ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುತ್ತಿದ್ದರು. ಎಷ್ಟು ಮಕ್ಕಳು ಬರುತ್ತಾರೆ, ಧರ್ಮೋಪದೇಶ ಯಾವಾಗ, ಬೇರೆ ಧರ್ಮದ ಮಕ್ಕಳನ್ನು ಹೇಗೆ ಸೇರಿಸಿಕೊಳ್ಳುತ್ತೀರಿ. ಎಲ್ಲರೂ ಬರಬಹುದು, ಪ್ರಾರ್ಥನೆಗೆ ಯಾರನ್ನೂ ಎಳೆಯುವುದಿಲ್ಲ, ಕೇಳಿದವರಿಗೆ ಯೇಸುವಿನ ಬಗ್ಗೆ ಹೇಳದೆ ಇರುವುದೂ ಇಲ್ಲ ಎಂದರು. ಇನ್ನೇನೋ ಹೇಳಲು ಹೊರಟವರು ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದರು. ಗೇಟಿನ ಬಳಿ, ಒಳಗೆ ಬರಲೋ ಬೇಡವೋ ಎಂಬಂತೆ ಕಂಬಿ ಹಿಡಿದು ಒಬ್ಬ ಹುಡುಗ ನಿಂತಿದ್ದ. ಅವನು ಮೂರು ವಾರದಿಂದ ಬಂದಿರಲಿಲ್ಲ, ಕ್ಷಮಿಸಿ ಎಂದಷ್ಟೇ ನನಗೆ ಹೇಳಿ, ಆ ವಯಸ್ಸಿನಲ್ಲೂ ಆಟದ ನಡುವಿನಿಂದಲೇ ಬಿರಬಿರನೆ ನಡೆದು ಹೋದರು; ಅರ್ಧ ದಾರಿಯಲ್ಲೇ ಕೈ ಎತ್ತಿ ಹುಡುಗನ ಹೆಸರು ಹಿಡಿದು ಕೂಗಿದರು.

ನಾನು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಕತ್ತಲಾಗುವವರೆಗೂ ಅವರಿಬ್ಬರೂ ಗೇಟಿನ ಬಳಿಯೇ ಮಾತನಾಡುತ್ತ ನಿಂತಿದ್ದರು.