ಡಿಸ್ಕ್‌ಗಳ ನಡುವೆ ಒಂದೊಂದು ಖಾಲಿ ಖಾನೆ: ಕಾರವಾರದಿಂದ ಕೆಲಸದ ಟಿಪ್ಪಣಿ

ತಾಳಮದ್ದಲೆಯ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುವ ಕೆಲಸ ನಡೆದೇ ಇದೆ. ಹಾರ್ಡ್ ಡಿಸ್ಕ್‌ಗಳು ಈಗ ಮೂರು, ಎಲ್ಲವೂ 3.5 ಇಂಚಿನವು. ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಐದು ಖಾನೆಗಳ ಗೂಡಿನಲ್ಲಿ ಇವು ಬೆರಳು ತೂರದಷ್ಟು ಹತ್ತಿರ, ಒಂದರ ಮೇಲೊಂದು ಕುಳಿತಿದ್ದವು. ದೊಡ್ಡ ಕಡತಗಳನ್ನು ನಕಲಿಸುವಾಗ ನಡುವಿನದು 51 ಡಿಗ್ರಿ ಮುಟ್ಟುತ್ತಿತ್ತು, ಉಳಿದೆರಡು 45ರ ಆಸುಪಾಸಿನಲ್ಲಿದ್ದವು. ತಯಾರಕರು ಸಾಮಾನ್ಯವಾಗಿ ಕೊಡುವ ಮಿತಿ 60. ಆದರೂ ಕೋಣೆಯೇ 33 ಡಿಗ್ರಿ ಇರುವ ನಮ್ಮ ಬೇಸಿಗೆಯಲ್ಲಿ ಆ ಮಿತಿಯತ್ತ ಸುಳಿಯುವುದು ನನಗೆ ಒಪ್ಪಿಗೆಯಿಲ್ಲ. ಈ ಕ್ಯಾಸೆಟ್‌ಗಳಲ್ಲಿ ಪಾತ್ರಗಳ ಮಾತನಾಡಿದ ಅರ್ಥಧಾರಿಗಳಲ್ಲಿ ಹಲವರು ಈಗಿಲ್ಲ, ಮುದ್ರಿಕೆ ಕಳೆದರೆ ಮತ್ತೆ ಸಿಗದು.

ಡಿಸ್ಕ್‌ಗಳನ್ನು ಒಂದು, ಮೂರು, ಐದನೆಯ ಖಾನೆಗಳಿಗೆ ಹಂಚಿದೆ. ಪವರ್ ಕೇಬಲ್‌ನ ಕನೆಕ್ಟರ್‌ಗಳು ಅಕ್ಕಪಕ್ಕದ ಖಾನೆಗಳ ಅಳತೆಗೆ ಇರುವುದರಿಂದ ಕೊನೆಯದಕ್ಕೆ ಕೇಬಲ್ ಬಿಗಿಯಾಯಿತು. ಎಳೆದು ಸಿಕ್ಕಿಸಿದರೆ ಡಿಸ್ಕ್‌ನ ಪ್ಲಾಸ್ಟಿಕ್ ನಾಲಿಗೆ ಮುರಿಯುವ ಭಯವಿರುತ್ತದೆ. ಕಂಪ್ಯೂಟರ್‌ಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್‌ನ ಇನ್ನೊಂದು ಕೇಬಲನ್ನೇ ಅದಕ್ಕೆ ಕೊಟ್ಟೆ. ನಡುವಿನದು 46ಕ್ಕೆ ಇಳಿಯಿತು.

ನಿಜವಾದ ಗುಟ್ಟು ಫ್ಯಾನ್‌ನಲ್ಲಿತ್ತು. ಮುಂಭಾಗದ 120 ಮಿಲಿಮೀಟರ್ ಫ್ಯಾನ್‌ನ ವೇಗವನ್ನು ಮದರ್‌ಬೋರ್ಡ್ ಪ್ರೊಸೆಸರ್‌ನ ಶಾಖ ನೋಡಿ ನಿರ್ಧರಿಸುತ್ತದೆ. ಕಡತ ನಕಲಿಸುವಾಗ ಪ್ರೊಸೆಸರ್‌ಗೆ ಹೆಚ್ಚು ಕೆಲಸವಿಲ್ಲ, ಅದು ತಣ್ಣಗಿರುತ್ತದೆ, ಫ್ಯಾನ್ ನಿಧಾನವಾಗುತ್ತದೆ. ಡಿಸ್ಕ್‌ಗಳು ಬೇಯುವುದು ಅದೇ ಹೊತ್ತಿನಲ್ಲಿ! ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಈ ಫ್ಯಾನ್‌ಗೆ ಸ್ಥಿರ ವೇಗ ಕೊಟ್ಟು, ಅದರ ಎದುರು ಜೋತಾಡುತ್ತಿದ್ದ ಕೇಬಲ್‌ಗಳನ್ನು ಹಿಂದಕ್ಕೆ ಕಟ್ಟಿದ ಮೇಲೆ ಮೂರೂ 40ರಿಂದ 42ರೊಳಗೆ ನಿಂತಿವೆ. ಸದ್ದು ತುಸು ಹೆಚ್ಚಿದೆ, ಚಿಂತೆಯಿಲ್ಲ. ಕಂಪನ ತಡೆಯುವ ರಬ್ಬರ್ ಬಿಲ್ಲೆಗಳನ್ನು ಉಳಿಸಿಕೊಂಡಿದ್ದೇನೆ. ರಬ್ಬರ್ ಇರುವಲ್ಲಿ ಶಾಖ ಗೂಡಿನ ಲೋಹಕ್ಕೆ ಸರಿಯಾಗಿ ಹರಿಯುವುದಿಲ್ಲವಾದ್ದರಿಂದ ಗಾಳಿಯ ಹೊಣೆ ಇನ್ನೂ ದೊಡ್ಡದು.

ಇದಕ್ಕಿಂತ ತಣ್ಣಗಾಗಿಸುವ ಹಟ ನನಗಿಲ್ಲ. ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಸ್ಕ್ ಕೆಡುವುದಕ್ಕೂ ಶಾಖಕ್ಕೂ ನೇರ ನಂಟು ಕಂಡಿರಲಿಲ್ಲ, ತೀರಾ ಹೆಚ್ಚಿನ ಶಾಖದ ಹೊರತು. ಮೈಕ್ರೋಸಾಫ್ಟ್‌ನ ದತ್ತಾಂಶ ಕೇಂದ್ರಗಳ ಬಗೆಗಿನ 2016ರ ಪ್ರಬಂಧವಂತೂ ಶಾಖಕ್ಕಿಂತ ತೇವಾಂಶವೇ ಹೆಚ್ಚು ಕೆಡುಕೆಂದು ತೋರಿಸಿತು. ಕಡಲಿನ ಉಪ್ಪುಗಾಳಿಗೆ ಕಿಟಕಿಯ ಸರಳುಗಳೇ ತುಕ್ಕು ಹಿಡಿಯುವ ಊರಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಮಳೆ ಹಿಡಿಯುವ ಮೊದಲು ಉಳಿದ ಕೆಲಸ ಇಷ್ಟು: ದೂಳಿನ ಜಾಲರಿ ತೊಳೆದು ಪೂರ್ತಿ ಒಣಗಿಸಿ ಹಾಕುವುದು, ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಹಿಡಿದಿದೆಯೇ ನೋಡುವುದು, ಮುದ್ರಿಕೆಗಳ ಇನ್ನೊಂದು ಪ್ರತಿಯನ್ನು ಶಿರಸಿಯಲ್ಲಿರುವ ಅಕ್ಕನ ಮನೆಗೆ ಮುಟ್ಟಿಸುವುದು.