ಕೊಳವೆಯೊಳಗೆ 25 ನಿಮಿಷ

ಕತ್ತಿನ ಎಂಆರ್‌ಐ ಮಾಡಿಸಿ ಅಂತ ಡಾಕ್ಟರು ಚೀಟಿ ಬರೆದುಕೊಟ್ಟಾಗ ನನಗೆ ನೆನಪಾದದ್ದು ಅಜ್ಜಿ ಮನೆಯ ಪತ್ತಾಯ. ಏಳು ವರ್ಷದವಳಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತಾ ಭತ್ತ ತುಂಬುವ ಆ ಮರದ ಪೆಟ್ಟಿಗೆಯಲ್ಲಿ ಅಡಗಿದ್ದೆ. ಮುಚ್ಚಳ ಬಿತ್ತು. ಎತ್ತಲಾಗಲಿಲ್ಲ. ಯಾರೋ ಬಂದು ತೆಗೆದಾಗ ಬಾಯಿ ತುಂಬ ದೂಳು. ಅವತ್ತಿನಿಂದ ಲಿಫ್ಟ್ ಅಂದರೂ ಆಗದು. ಮಗಳ ಮನೆ ಬೆಂಗಳೂರಿನಲ್ಲಿ ಐದನೇ ಮಹಡಿ. ಮೆಟ್ಟಿಲೇ ಗತಿ.

ಮೊದಲ ಸಲ ಹೋದಾಗ ಒಂದು ನಿಮಿಷವೂ ಇರಲಿಲ್ಲ. ಮಲಗಿಸಿ ಒಳಗೆ ತಳ್ಳುವ ಆ ಯಂತ್ರದ ಕೊಳವೆಯ ಬಾಯಿ ಸುಮಾರು 60 ಸೆಂಟಿಮೀಟರ್ ಅಗಲ. ಮುಖದ ಮೇಲೆ ಪಂಜರದಂಥದ್ದು ಕೂರಿಸಿ, ಕೈಗೊಂದು ರಬ್ಬರ್ ಬಲ್ಬ್ ಕೊಟ್ಟರು, ಬೇಕಾದರೆ ಒತ್ತಿ ಅಂತ. ಒಳಗೆ ಹೋಗುತ್ತಿದ್ದ ಹಾಗೇ ಒತ್ತಿಬಿಟ್ಟೆ.

ಸುದ್ದಿ ನಮ್ಮ ಚರ್ಚಿನ ಸಭೆಯವರಿಗೆ ಗೊತ್ತಾಯಿತು. ನಂಬಿಕೆ ಇದ್ದವರು ಹೆದರಬಾರದು ಅಂದರು ಒಬ್ಬರು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, 'ಹೆದರಬೇಡ' ಅಂತ 365 ಸಲ ಇದೆ, ದಿನಕ್ಕೊಂದು, ಅಂತ ವಾಟ್ಸಾಪ್‌ನಲ್ಲಿ ಬಂತು. ನಾನು ಸ್ವಲ್ಪ ಹಟದವಳು, ಎಣಿಸಲು ಕೂತೆ. ಅಷ್ಟೊಂದು ಇಲ್ಲವೇ ಇಲ್ಲ. ಇದ್ದಿದ್ದರೂ ನನ್ನ ಎದೆಬಡಿತ ಕಮ್ಮಿ ಆಗುತ್ತಿರಲಿಲ್ಲ ಬಿಡಿ. ಹೆದರಿಕೆಯ ಜೊತೆಗೆ ಈಗ ನಾಚಿಕೆಯೂ ಸೇರಿತ್ತು ಅಷ್ಟೆ.

ದೊಡ್ಡಮ್ಮ ಮಾತ್ರ ಹಲಸಿನ ಬೀಜ ಸುಲಿಯುತ್ತಾ ಹೇಳಿದರು, "ಶಿಲುಬೆಗೆ ಹಾಕೋ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಗೇ ಬೆವರು ರಕ್ತದ ಹನಿ ಹಾಗೆ ಇಳೀತಂತೆ. ನಿನಗೆ ಹೆದರಿಕೆ ಆಗಬಾರದಾ? ಸಂಡೇ ಸ್ಕೂಲಲ್ಲಿ ಕಲಿತ, ದೇವರು ನನ್ನ ಕುರುಬ ಅನ್ನೋ 23ನೇ ಕೀರ್ತನೆ ಹೇಳ್ಕೋ, ಸಾಕು." ಬೆವರಿನ ಮಾತು ಯೇಸುವಿನ ಕಥೆ ಹೇಳುವ ಲೂಕನ ಸುವಾರ್ತೆಯದು. ಲೂಕ ವೈದ್ಯ ಅಲ್ವಾ, ಅದಕ್ಕೇ ಕಣ್ಣಿಗೆ ಬಿತ್ತೇನೋ.

ಎರಡನೇ ಸಲ ಕಣ್ಣಿನ ಮೇಲೆ ಬಟ್ಟೆ ಹಾಕಿಸಿಕೊಂಡೆ. "ತುಟಿ ಆಡಿಸಬೇಡಿ, ಚಿತ್ರ ಕೆಡುತ್ತೆ" ಅಂದ ಟೆಕ್ನಿಷಿಯನ್ ಹುಡುಗ. ಹಾಗಾಗಿ ಕೀರ್ತನೆಯನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಇಯರ್‌ಪ್ಲಗ್ ಇದ್ದರೂ ಯಂತ್ರ ಕಲ್ಲು ಒಡೆಯುವ ಹಾಗೆ ಬಡಿಯುತ್ತಿತ್ತು. ಮೊದಲು ಅರ್ಧಕ್ಕೇ ಮರೆತೆ. ಮತ್ತೆ ಶುರು ಮಾಡಿದೆ. ಇರುವುದು ಆರೇ ವಚನ. ಬಾಯಿಪಾಠ ಮಾಡಿ ನಲವತ್ತು ವರ್ಷ ದಾಟಿದರೂ ಕಾಣದೇ ಇದ್ದದ್ದು ಆಗ ಕಂಡಿತು. ಹಸುರುಗಾವಲಿನಲ್ಲಿ, ನೀರಿನ ಹತ್ತಿರ ಎಲ್ಲ ಕವಿ ದೇವರನ್ನು 'ಆತನು' ಅನ್ನುತ್ತಾನೆ, ಯಾರಿಗೋ ದೇವರ ಸಮಾಚಾರ ಹೇಳುವ ಹಾಗೆ. ನಾಲ್ಕನೇ ವಚನದಲ್ಲಿ ಕಾರ್ಗತ್ತಲಿನ ಕಣಿವೆ ಬಂತು ನೋಡಿ, ಮಾತು 'ನೀನು' ಅಂತ ತಿರುಗುತ್ತದೆ. ನೀನು ಹತ್ತಿರ ಇದ್ದೀ ಅಂತ. ಆ 'ನೀನು' ಇದೆಯಲ್ಲ, ಅದು ಕತ್ತಲಲ್ಲಿ ಮಗು ಅಮ್ಮನ ಸೆರಗು ಹಿಡಿದು ಕರೆಯುವ ಹಾಗಿದೆ.

ಅಲ್ಲಿಗೇ ನಿಂತೆ. ಮುಂದಿನ ಎರಡು ವಚನಕ್ಕೆ ಹೋಗಲೇ ಇಲ್ಲ. ಎದೆ ಬಡಿಯುತ್ತಲೇ ಇತ್ತು, ಬಲ್ಬ್ ಕೈಯಲ್ಲೇ ಬೆವೆತಿತ್ತು. ಒತ್ತಲಿಲ್ಲ.

25 ನಿಮಿಷ ಆದಮೇಲೆ ಹೊರಗೆ ಎಳೆದರು. ಬಾಗಿಲಲ್ಲಿ ಇವರು ನಿಂತಿದ್ದರು. "ಹೆದರಿಕೆ ಆಯ್ತಾ?"

"ಆಯ್ತು" ಅಂದೆ. ಕ್ಯಾಂಟೀನ್ ಮೂರನೇ ಮಹಡಿಯಲ್ಲಿತ್ತು. ಇಬ್ಬರೂ ಮೆಟ್ಟಿಲು ಹತ್ತಿ ಹೋಗಿ ಚಾ ಕುಡಿದೆವು.